ಗಾಳಿ ಏಳುವ ಮುನ್ನ

ಕನ್ನಡ ಕೂಟದ ಗೆಳೆಯರು ನನ್ನ ಕೆಲಸವನ್ನು ಸಮಾಜಸೇವೆ ಎಂದು ಹೊಗಳಿದಾಗಲೆಲ್ಲ ಸುಮ್ಮನಿದ್ದುಬಿಡುತ್ತೇನೆ. ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಗುಡ್ಡಗಳಲ್ಲಿರುವ ನಮ್ಮ ಬೀದಿಯನ್ನು ಕಾಡ್ಗಿಚ್ಚಿಗೆ ಸಜ್ಜುಗೊಳಿಸುವ ಮುಂದಾಳು ನಾನು. ಸಂಬಳವಿಲ್ಲ, ಅಧಿಕಾರವೂ ಇಲ್ಲ. ಆದರೆ ಹೊಗಳಿಕೆ ಒಪ್ಪಿಕೊಳ್ಳಲು ಮನಸ್ಸು ಬರುವುದಿಲ್ಲ.

ಏಕೆಂದರೆ ನಾನು ಇದಕ್ಕೆ ಇಳಿದದ್ದು ನೆರೆಯವರ ಮೇಲಿನ ಪ್ರೀತಿಯಿಂದಲ್ಲ. ಮನೆಯ ವಿಮೆಯನ್ನು ನವೀಕರಿಸುವುದಿಲ್ಲ ಎಂಬ ಕಾಗದ ಬಂದಿತ್ತು. ಕಾಡ್ಗಿಚ್ಚಿಗೆ ಸಜ್ಜಾದ ನೆರೆಹೊರೆಗೆ ಕೊಡುವ 'ಫೈರ್‌ವೈಸ್' ಮಾನ್ಯತೆ ಇದ್ದರೆ ವಿಮೆ ಕಂತಿನಲ್ಲಿ ರಿಯಾಯಿತಿ ಸಿಗಬಹುದೆಂದು ತಿಳಿಯಿತು. ಆ ಮಾನ್ಯತೆ ಒಂಟಿ ಮನೆಗೆ ಸಿಗುವಂಥದ್ದಲ್ಲ. ಕನಿಷ್ಠ 8 ಮನೆಗಳು ಕೂಡಬೇಕು, ಅಪಾಯದ ಸಮೀಕ್ಷೆ ಆಗಬೇಕು, ವರ್ಷವರ್ಷವೂ ಮಾಡಿದ ಕೆಲಸ ತೋರಿಸಬೇಕು. ನನ್ನ ಮನೆ ಉಳಿಯಬೇಕಾದರೆ ನೆರೆಯವರು ಬೇಕಿತ್ತು. ಬಾಗಿಲು ಬಡಿದೆ.

ಅಲ್ಲಿಯವರೆಗೆ ಅವರಲ್ಲಿ ಹೆಚ್ಚಿನವರಿಗೆ ನಾನು ಕೈ ಬೀಸಿದ್ದಷ್ಟೇ. ವಲಸೆ ಬಂದವನಿಗೆ ಒಂದು ಅಳುಕು ಇರುತ್ತದೆ: ಇವರ ಅಂಗಳದ ಗಿಡ ಕಡಿಯಿರಿ ಎನ್ನಲು ನಾನು ಯಾರು? ಆದರೆ ಹೇಳಲೇಬೇಕಾದದ್ದು ಅದೇ. ಮನೆಗಳು ಸುಡುವುದು ಹೆಚ್ಚಾಗಿ ಎದುರಿಗೆ ನುಗ್ಗಿ ಬರುವ ಜ್ವಾಲೆಯಿಂದಲ್ಲ, ಗಾಳಿಯಲ್ಲಿ ಹಾರಿ ಬರುವ ಕಿಡಿಗಳಿಂದ ಮತ್ತು ಗೋಡೆಯ ಬುಡದಲ್ಲಿ ಬಿದ್ದಿರುವ ಸಾಮಾನಿನಿಂದ ಎಂದು ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಜ್ಯಾಕ್ ಕೋಹೆನ್ ವರ್ಷಗಟ್ಟಲೆ ಅಧ್ಯಯನ ಮಾಡಿ ತೋರಿಸಿದರು. ಹಾಗಾಗಿ ಗೋಡೆಯಿಂದ 5 ಅಡಿಯೊಳಗೆ ಒಣ ಪೊದೆ, ಸೌದೆ, ಮರದ ಬೇಲಿ ಇರಬಾರದು. ಅಟ್ಟದ ಗಾಳಿಕಿಂಡಿಗೆ ಸಣ್ಣ ಕಣ್ಣಿನ ಲೋಹದ ಜಾಲರಿ ಬೇಕು. ಸೂರಿನ ನೀರು ಹರಿಯುವ ದೋಣಿಯಲ್ಲಿ ಎಲೆ ತುಂಬಿರಬಾರದು. 1991ರ ಅಕ್ಟೋಬರಿನಲ್ಲಿ ಇದೇ ಗುಡ್ಡಗಳಲ್ಲಿ 25 ಜನ ಸತ್ತ ಬೆಂಕಿಯಲ್ಲಿ ಮನೆಯಿಂದ ಮನೆಗೆ ಕಿಡಿ ಒಯ್ದದ್ದರಲ್ಲಿ ನಮಗೆ ಚೆನ್ನಾಗಿ ಗೊತ್ತಿರುವ ನೀಲಗಿರಿ ಮರದ ತೊಗಟೆಯೂ ಇತ್ತು.

ಇಷ್ಟನ್ನು ಹೇಳಲು ಹೋದವನಿಗೆ ಜನ ತಮ್ಮ ಬದುಕನ್ನೇ ತೆರೆದಿಟ್ಟರು. ಯಾರು ಆಮ್ಲಜನಕದ ಯಂತ್ರದ ಮೇಲಿದ್ದಾರೆ, ಯಾರಿಗೆ ರಾತ್ರಿ ಕಣ್ಣು ಕಾಣದು, ಯಾರು ಕಾರು ಓಡಿಸುವುದನ್ನು ಬಿಟ್ಟಿದ್ದಾರೆ. ನಾಲ್ಕು ಮನೆ ಆಚೆ ಒಬ್ಬ ವೃದ್ಧೆ ಒಂಟಿಯಾಗಿದ್ದಾರೆ. ಅವರ ಹೆಸರನ್ನು ಪಟ್ಟಿಯಲ್ಲಿ ಬರೆದುಕೊಂಡ ದಿನದಿಂದ ನನಗೆ ವಿಮೆಯ ಚಿಂತೆಗಿಂತ ದೊಡ್ಡದೊಂದು ಅಂಟಿಕೊಂಡಿತು.

ಇದೇ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಊರಿನ ವಿಷಯ ಓದಿದ್ದೆ. 2018ರ ನವೆಂಬರ್ 8ರ ಬೆಳಗ್ಗೆ ಹೊತ್ತಿದ ಬೆಂಕಿ ಕೆಲವೇ ಗಂಟೆಗಳಲ್ಲಿ ಆ ಊರನ್ನು ನುಂಗಿತು. ಊರು ತೆರವಿಗೆ ವಲಯಗಳನ್ನು ಮೊದಲೇ ಗುರುತಿಸಿಟ್ಟಿತ್ತು. ಆದರೂ ರಸ್ತೆಗಳು ಕಟ್ಟಿಕೊಂಡವು, ಎಷ್ಟೋ ಜನರ ಫೋನಿಗೆ ಎಚ್ಚರಿಕೆ ಬರಲೇ ಇಲ್ಲ. ಸತ್ತ 85 ಜನರಲ್ಲಿ ಬಹುಪಾಲು ವೃದ್ಧರು. ಅದನ್ನು ಓದಿದ ಮೇಲೆ ನನ್ನನ್ನು ನಾನೇ ಕೇಳಿಕೊಂಡೆ: ಹೊಗೆ ಕವಿದ ಹೊತ್ತಿನಲ್ಲಿ, ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೊರಟವನು, ಆ ವೃದ್ಧೆಯ ಮನೆ ಮುಂದೆ ಕಾರು ನಿಲ್ಲಿಸುತ್ತೇನೆಯೆ?

ನಿಲ್ಲಿಸುತ್ತೇನೆ ಎಂದು ಎದೆ ತಟ್ಟಿ ಹೇಳಲು ನನ್ನಿಂದ ಆಗಲಿಲ್ಲ. ಇಂದಿಗೂ ಆಗುವುದಿಲ್ಲ. ಮುಂದಾಳುಗಳ ತರಬೇತಿಯಲ್ಲಿ ನಮಗೆ ಹೇಳಿದ್ದೂ ನಿಲ್ಲಬೇಡಿ ಎಂದೇ: ನೀವು ಅಗ್ನಿಶಾಮಕರಲ್ಲ, ಹೊರಡಿ ಎಂದಾಗ ಹೊರಟುಬಿಡಿ. ಆ ಮಾತು ಕೇಳಿ ನನಗೆ ಎಷ್ಟು ನೆಮ್ಮದಿಯಾಯಿತೆಂದರೆ, ಆ ನೆಮ್ಮದಿಯೇ ನನ್ನನ್ನು ಕಾಡಿತು. ನಿಯಮ ಸರಿಯಾದದ್ದೇ. ಆದರೆ ಅದರ ಮರೆಯಲ್ಲಿ ನಾನು ಅವಿತುಕೊಂಡರೆ ಆ ವೃದ್ಧೆಯ ಹೆಸರು ನನ್ನ ಪಟ್ಟಿಯಲ್ಲಿದ್ದು ಏನು ಪ್ರಯೋಜನ?

ಹಾಗಾಗಿ ಆ ದಿನದ ನನ್ನ ಧೈರ್ಯವನ್ನು ನಂಬುವುದನ್ನು ಬಿಟ್ಟೆ. ಈಗ ಅವರಿಗಾಗಿ ಇಬ್ಬರು ನೆರೆಯವರನ್ನು ಗೊತ್ತುಮಾಡಿದ್ದೇವೆ, ಮನೆಯ ಕೀ ಇಬ್ಬರ ಬಳಿಯೂ ಇದೆ. ಈಶಾನ್ಯದಿಂದ ಬಿಸಿ ಒಣಗಾಳಿ ಬೀಸುವ ಶರತ್ಕಾಲದಲ್ಲಿ ಬೆಂಕಿಯ ಅಪಾಯದ 'ರೆಡ್ ಫ್ಲ್ಯಾಗ್' ಎಚ್ಚರಿಕೆ ಹೊರಟ ಸಂಜೆಯೇ ಆ ವೃದ್ಧೆ ಬಯಲಿನಲ್ಲಿರುವ ತಂಗಿಯ ಮನೆಗೆ ಹೋಗುತ್ತಾರೆ. ಅವರ ಗ್ಯಾರೇಜಿನ ಬಾಗಿಲನ್ನು ಕರೆಂಟಿಲ್ಲದೆ ಕೈಯಿಂದ ಎತ್ತುವುದನ್ನು ಎಲ್ಲರೂ ಕೂಡಿ ಕಲಿತಿದ್ದೇವೆ. ಕ್ಯಾಲಿಫೋರ್ನಿಯಾದ 2017ರ ಬೆಂಕಿಗಳಲ್ಲಿ ಕರೆಂಟು ಹೋಗಿ ಇಂಥ ಬಾಗಿಲು ತೆರೆಯದೆ ಜನ ಸಿಕ್ಕಿಬಿದ್ದರು. ಬಾಗಿಲು ಎತ್ತುವ ಹೊಸ ಯಂತ್ರಗಳಿಗೆ ಬ್ಯಾಟರಿ ಇರಲೇಬೇಕೆಂಬ ಕಾನೂನು ಬಂದದ್ದು ಆಮೇಲೆ. ಯಾರೂ ವೀರರಾಗಬೇಕಾದ ಪ್ರಸಂಗವೇ ಬಾರದ ಹಾಗೆ ಮಾಡುವುದು, ಈ ಕೆಲಸವೆಂದರೆ ಅಷ್ಟೇ ಎಂದು ನಾನೀಗ ನಂಬುತ್ತೇನೆ.

ಗುಡ್ಡಗಳಲ್ಲಿ ಮನೆ ಮಾಡಿಕೊಂಡಿರುವ ಕನ್ನಡಿಗರಲ್ಲಿ ಒಂದು ಕೋರಿಕೆ. ಊರಿಂದ ಬಂದ ಅಪ್ಪ ಅಮ್ಮ ತಿಂಗಳುಗಟ್ಟಲೆ ನಿಮ್ಮ ಮನೆಯಲ್ಲಿರುತ್ತಾರೆ. ಹಗಲೆಲ್ಲ ಇಬ್ಬರೇ, ಕಾರಿಲ್ಲ, ಅಕ್ಕಪಕ್ಕದವರ ಪರಿಚಯವಿಲ್ಲ. ಪ್ಯಾರಡೈಸಿಗೆ ಬೆಂಕಿ ಬಂದದ್ದೂ ಒಂದು ಗುರುವಾರ, ಜನ ಕೆಲಸಕ್ಕೆ ಹೊರಡುವ ಹೊತ್ತಿಗೆ. ಅಪ್ಪ ಅಮ್ಮನ ಫೋನ್ ನಂಬರನ್ನೂ ಕೌಂಟಿಯ ಎಚ್ಚರಿಕೆ ವ್ಯವಸ್ಥೆಯಲ್ಲಿ ನೋಂದಾಯಿಸಿ. ಈ ವಾರವೇ ಅವರನ್ನು ಕರೆದುಕೊಂಡು ಹೋಗಿ ಪಕ್ಕದ ಮನೆಯವರಿಗೆ ಪರಿಚಯ ಮಾಡಿಸಿ.