ಬರೆಯ ಬುಡದಲ್ಲಿ ಒಂದು ಗೋಡೆ

ಮಡಿಕೇರಿಯ ಸುತ್ತಮುತ್ತ ಮನೆ ಕಟ್ಟುವವರಿಗೆ ಸಮತಟ್ಟು ಜಾಗ ಸಿಗುವುದು ಅಪರೂಪ; ಗುಡ್ಡ ಕಡಿದೇ ಮಾಡಿಕೊಳ್ಳಬೇಕು. ಕಡಿದ ಮೇಲೆ ಮನೆಯ ಬೆನ್ನಿಗೆ ಬರೆ ಉಳಿಯುತ್ತದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿದ ಮೇಲೆ ಇಲ್ಲಿಯವರು ಬರೆಯನ್ನು ನೋಡುವ ಕಣ್ಣೇ ಬೇರೆಯಾಯಿತು. ನಮ್ಮ ಹಿತ್ತಲಿಗೂ ತಡೆಗೋಡೆ ಆಗಲೇಬೇಕು ಎಂದಾಗ ಮನೆಯವರಿಗೆಲ್ಲ ಖರ್ಚಿನ ಚಿಂತೆ. ನನಗೆ ಮಾತ್ರ ಒಳಗೊಳಗೇ ಹಿಗ್ಗು. ಕಟ್ಟುವ ಕೆಲಸದ ಹತ್ತಿರ ನಿಂತು ನೋಡುವುದಕ್ಕಿಂತ ದೊಡ್ಡ ಸುಖ ನನಗೆ ಗೊತ್ತಿಲ್ಲ.

ಕಾಂಪೌಂಡು ಗೋಡೆ ತನ್ನ ಭಾರ ತಾನು ಹೊತ್ತರೆ ಮುಗಿಯಿತು. ತಡೆಗೋಡೆಯನ್ನು ಹಗಲೂ ರಾತ್ರಿ ಹಿಂದಿನಿಂದ ಮಣ್ಣು ನೂಕುತ್ತಿರುತ್ತದೆ, ಕೆಳಗಿಳಿದಷ್ಟೂ ಜೋರಾಗಿ. ಎತ್ತರ ಎರಡು ಪಟ್ಟಾದರೆ ನೂಕು ನಾಲ್ಕು ಪಟ್ಟಾಗುತ್ತದೆ. ಗೋಡೆಯನ್ನು ಬುಡದಲ್ಲಿ ಮುರಿಯಲು ನೋಡುವ ಬಾಗು ಎಂಟು ಪಟ್ಟು. ‘ನಾಲ್ಕಡಿ ಗೋಡೆ ನಿಂತಿದೆಯಲ್ಲ, ಎಂಟಡಿಗೂ ಅದೇ ಕಂಬಿ ಸಾಕು’ ಎನ್ನುವವರ ಮಾತು ಕೇಳಿದರೆ ನನಗೆ ಎದೆ ಧಸಕ್ಕೆನ್ನುತ್ತದೆ. ನಮ್ಮದು 8 ಅಡಿಯ ಗೋಡೆ. ಇಂಜಿನಿಯರು ಬರೆದುಕೊಟ್ಟ ನಕ್ಷೆಯಲ್ಲಿ ಪಾಯದ ಹಾಸು ಬರೆಯ ಒಳಗಡೆಗೆ ಉದ್ದಕ್ಕೆ ಚಾಚಿಕೊಂಡಿತ್ತು. ಹಿಂದೆ ತುಂಬುವ ಮಣ್ಣು ಆ ಹಾಸಿನ ಮೇಲೆ ಕೂತು, ಗೋಡೆ ಮುಂದಕ್ಕೆ ಮಗುಚದಂತೆ ಅದುಮಿ ಹಿಡಿಯುತ್ತದೆ. ನೂಕುವ ಮಣ್ಣಿನ ಕೈಯಲ್ಲೇ ಕಾವಲು ಕಾಯಿಸುವ ಈ ಉಪಾಯ ಯೋಚಿಸಿದಾಗಲೆಲ್ಲ ಖುಷಿ ಕೊಡುತ್ತದೆ.

ಪಾಯದಿಂದ 12 ಮಿಮೀ ಕಂಬಿಗಳು ಸಾಲಾಗಿ ಎದ್ದು ನಿಂತವು. ಅವು ಹಾಲೋ ಬ್ಲಾಕಿನ ತೂತಿನ ನಡುಮಧ್ಯ ಇರುವಂತಿಲ್ಲ, ಬರೆಯ ಕಡೆಗೆ ಸರಿದಿರಬೇಕು. ನೂಕಿಗೆ ಗೋಡೆ ಹೊರಕ್ಕೆ ಬಾಗುವಾಗ ಸೆಳೆತ ಬೀಳುವುದು ಮಣ್ಣಿನ ಕಡೆಯ ಮೈಗೆ. ಕಾಂಕ್ರೀಟಿಗೆ ಸೆಳೆತ ತಡೆಯುವ ಶಕ್ತಿ ಕಡಿಮೆ, ಕಂಬಿಗೆ ಅದೇ ಕಸುಬು. ನಾನು ಬೆಳಗ್ಗೆ ಕಾಫಿ ಲೋಟ ಹಿಡಿದೇ ಹೋಗಿ ಟೇಪಿನಲ್ಲಿ ಆ ಅಂತರ ಅಳೆಯುತ್ತಿದ್ದೆ. ಕಂಬಿಗೆ ಕಂಬಿ ಜೋಡಿಸುವಲ್ಲಿ ಎರಡಡಿ ಒಂದರ ಮೇಲೊಂದು ಬಂದಿದೆಯೇ ಎಂದೂ ನೋಡುತ್ತಿದ್ದೆ. ಮೇಸ್ತ್ರಿಗೆ ಬೇಸರವಾಗಲಿಲ್ಲ. “ನೋಡಿ ಸಾರ್, ನೋಡೋರಿದ್ರೆ ಕೆಲಸಕ್ಕೂ ಒಂದು ಗತ್ತು” ಅಂದರು.

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ತೂತು ತುಂಬುವ ಕೆಲಸ. ಬ್ಲಾಕನ್ನು ಕಂಬಿಯ ಮೇಲಿನಿಂದ ಪೋಣಿಸಿ ಇಳಿಸಿ, ಕರಣೆಯ ಹಿಡಿಯಿಂದ ಎರಡು ಸಲ ತಟ್ಟಿ, ದಾರಕ್ಕೆ ಮಟ್ಟ ಮಾಡುತ್ತಾರೆ. ಆಗ ಒಳಗಡೆಗೂ ಗಾರೆ ಉದುರುತ್ತದೆ. ಬಿಟ್ಟರೆ ಗಟ್ಟಿಯಾಗಿ ಅಲ್ಲೇ ಗಂಟು ಕಟ್ಟುತ್ತದೆ, ಮೇಲಿನಿಂದ ಸುರಿದ ಕಾಂಕ್ರೀಟು ಅದರಾಚೆ ಇಳಿಯುವುದಿಲ್ಲ. ಮೇಸ್ತ್ರಿ ಮೊಬೈಲಿನ ಟಾರ್ಚು ಹಾಕಿ ಒಂದೊಂದೇ ತೂತಿಗೆ ಇಣುಕುತ್ತಿದ್ದರು. ಗಂಟು ಕಂಡರೆ ಉದ್ದ ಕಂಬಿಯಿಂದ ಕುಟ್ಟಿ ಉದುರಿಸಿ, ಬುಡದ ವರಸೆಯಲ್ಲಿ ಬಿಟ್ಟಿದ್ದ ಕಿಂಡಿಯಿಂದ ಕೈಹಾಕಿ ತೆಗೆಸುತ್ತಿದ್ದರು. ಆಮೇಲೆ ಬೇಬಿ ಜಲ್ಲಿಯ ತೆಳು ಕಾಂಕ್ರೀಟು. ಕಂಬಿಯಿಂದ ಕುಟ್ಟಿದಾಗ ಗುಳುಗುಳು ಸದ್ದು ಮಾಡಿ, ಗುಳ್ಳೆ ಬಿಟ್ಟು, ನಿಧಾನ ಕೆಳಗೆ ಕೂರುತ್ತಿತ್ತು. ಅಂಚಿನವರೆಗೆ ತುಂಬುತ್ತಿರಲಿಲ್ಲ, ಒಂದೂವರೆ ಇಂಚು ಕೆಳಗೇ ನಿಲ್ಲಿಸಿದರೆ ಮಾರನೆಯ ಕಾಂಕ್ರೀಟು ಒಳಗಿಳಿದು ಕಚ್ಚಿಕೊಳ್ಳುತ್ತದೆ. ಇದ್ಯಾವುದೂ ಮುಂದೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೇ ಆ ಹೊತ್ತಿನಲ್ಲಿ ಅಲ್ಲಿ ನಿಂತಿರಬೇಕು ಅನ್ನಿಸುವುದು.

ಗೋಣಿಚೀಲ ಹೊದಿಸಿ ಬೆಳಗ್ಗೆ ಸಂಜೆ ನೀರು ಹಾಕಿದೆವು. ಹೂಮಳೆಯೂ ಒಂದು ಕೈ ಜೋಡಿಸಿತು.

ಮಣ್ಣು ತುಂಬುವಾಗ ನಾನು ಅಲ್ಲಿಂದ ಕದಲಲಿಲ್ಲ. ಕೊಡಗಿನಂಥ ಮಳೆಯ ಸೀಮೆಯಲ್ಲಿ ಗೋಡೆ ಕೆಡವುವುದು ಹೆಚ್ಚಾಗಿ ನೀರು. ಒಣಗಿದ ಮಣ್ಣಾದರೆ 8 ಅಡಿ ಗೋಡೆಯ ಒಂದೊಂದು ಮೀಟರ್ ಉದ್ದಕ್ಕೂ ಸುಮಾರು 1.7 ಟನ್ ನೂಕು. ಹಿಂದುಗಡೆ ಮೇಲಿನವರೆಗೆ ನೀರು ನಿಂತರೆ ಅದೇ ಗೋಡೆಗೆ 3.5 ಟನ್ನಿಗೂ ಮೇಲೆ. ಆದ್ದರಿಂದ ಗೋಡೆಯ ಬೆನ್ನಿಗೆ ಒಂದಡಿ ದಪ್ಪ ಬರಿಯ ಜಲ್ಲಿ, ಅದರ ತಳದಲ್ಲಿ ತೂತಿನ ಪೈಪು, ಮಣ್ಣಿಗೂ ಜಲ್ಲಿಗೂ ನಡುವೆ ಸೋಸುವ ಬಟ್ಟೆ. ಆ ಬಟ್ಟೆಯನ್ನು ಡಿಕಾಕ್ಷನ್ ಸೋಸುವ ಬಟ್ಟೆಯಂತೆಯೇ ತಿಳಿಯಬೇಕು: ನೀರು ಇಳಿಯಬೇಕು, ಪುಡಿ ಅಲ್ಲೇ ನಿಲ್ಲಬೇಕು. ಬಟ್ಟೆ ಹಾಸದಿದ್ದರೆ ಕೆಂಪು ಜೇಡಿ ಜಲ್ಲಿಗೆ ನುಗ್ಗಿ ಕೆಲವೇ ಮಳೆಗಾಲಗಳಲ್ಲಿ ದಾರಿ ಕಟ್ಟುತ್ತದೆ. ಮುಂಭಾಗದಲ್ಲಿ ನೀರಿನ ಕಿಂಡಿಗಳನ್ನು ಹೊರಕ್ಕೆ ಇಳಿಜಾರಾಗಿಯೇ ಇಟ್ಟರು. ಮಣ್ಣನ್ನು ಮುಕ್ಕಾಲಡಿಗಿಂತ ದಪ್ಪ ಹರಡದೆ, ಒಂದೊಂದು ಪದರಕ್ಕೂ ದಮ್ಮಸ್ಸು ಹಾಕಿಸಿದರು. ಗೋಡೆಯ ಹತ್ತಿರಕ್ಕೆ ಜೆಸಿಬಿಯನ್ನು ಬಿಡಲೇ ಇಲ್ಲ. ಅದಕ್ಕೆ ಮೇಸ್ತ್ರಿಯ ಮೇಲೆ ನನ್ನ ಗೌರವ ದುಪ್ಪಟ್ಟಾಯಿತು.

ಕೆಲಸ ಮುಗಿದರೂ ನನ್ನ ನೋಟ ಮುಗಿದಿಲ್ಲ. ಗೋಡೆಯ ತಲೆಯಲ್ಲಿ ಮೊಳೆಗಳನ್ನು ಕೂರಿಸಿಟ್ಟಿದ್ದೇನೆ. ತೂಗುಗುಂಡು ಇಳಿಬಿಟ್ಟು, ಬುಡದಲ್ಲಿ ದಾರಕ್ಕೂ ಗೋಡೆಗೂ ಎಷ್ಟು ಅಂತರವೆಂದು ಸ್ಕೇಲಿನಿಂದ ಅಳೆದು ಪುಸ್ತಕದಲ್ಲಿ ಬರೆಯುತ್ತೇನೆ. ಹಿಂದೆ ಮಣ್ಣು ತುಂಬಿದಾಗ ಗೋಡೆ ಎರಡು ಮಿಲಿಮೀಟರು ಮುಂದಕ್ಕೆ ವಾಲಿತ್ತು. ಅಷ್ಟು ವಾಲುವುದು ಸಹಜ. ಹಾಗೆ ಸ್ವಲ್ಪ ಜರುಗಿಕೊಟ್ಟಾಗಲೇ ಮಣ್ಣಿನ ನೂಕೂ ಇಳಿಯುವುದು. ನೋಡಬೇಕಾದ್ದು ಅದು ಅಲ್ಲಿಗೇ ನಿಂತಿದೆಯೇ ಎಂದು. ನಿಂತಿದೆ.

ಪಕ್ಕದ ಮನೆಯವರು ತಮ್ಮ ಬರೆಗೆ ಗಾರೆಯಿಲ್ಲದ ಕಲ್ಲುಕಟ್ಟಡ ಮಾಡಿಸುತ್ತಾರಂತೆ. ಕಲ್ಲಿನ ಸಂದಿಯಲ್ಲೇ ನೀರು ಹೊರಬೀಳುವ ಆ ಹಳೆಯ ಕ್ರಮ ನನಗೂ ಬಹಳ ಇಷ್ಟ. ಸುಗ್ಗಿ ಮುಗಿದ ಕೂಡಲೇ ಕೆಲಸ ಶುರು ಅಂದರು. “ದಿನಾ ಬಂದು ನೋಡ್ತೀನಿ” ಎಂದು ಈಗಲೇ ಹೇಳಿಟ್ಟಿದ್ದೇನೆ.