ನಡುವಿನ ಗೋಡೆ ಯಾವ ಕೋಣೆಯದು?

ಅಭ್ಯಾಸ ಬೋಧನೆಯಲ್ಲಿ ಒಂಬತ್ತನೆಯ ತರಗತಿಗೆ ಆಯತಘನದ ಘನಫಲ ಕಲಿಸಬೇಕಿತ್ತು. ಬೋಧನೋಪಕರಣವಾಗಿ ಮನೆ ವಿನ್ಯಾಸದ ಉಚಿತ ತಂತ್ರಾಂಶ ‘ಸ್ವೀಟ್ ಹೋಮ್ 3ಡಿ’ಯನ್ನು ಆರಿಸಿಕೊಂಡೆ. ಅಕ್ಕಪಕ್ಕ ಎರಡು ಕೋಣೆ ಬಿಡಿಸಿದೆ. ಪ್ರತಿ ಕೋಣೆಯ ಒಳ ಅಳತೆ 4 ಮೀಟರ್ ಉದ್ದ, 3 ಮೀಟರ್ ಅಗಲ. ಎತ್ತರ ತಂತ್ರಾಂಶವೇ ಕೊಡುವ 2.5 ಮೀಟರ್. ಘನಫಲ 30 ಘನ ಮೀಟರ್ ಎಂದು ಮಕ್ಕಳು ಹೇಳಿದರು. ‘ಒಂದು ಕೋಣೆಯ ಛಾವಣಿಯನ್ನು ಮಾತ್ರ 3 ಮೀಟರಿಗೆ ಏರಿಸೋಣ. ನೆಲ ಅಷ್ಟೇ ಇರುತ್ತದೆ, ಘನಫಲ 36 ಆಗುತ್ತದೆ’ ಎಂದೆ.

ನಮ್ಮ ಲ್ಯಾಬಿನ ಆವೃತ್ತಿಯಲ್ಲಿ ಕೋಣೆಗೆಂದು ಎತ್ತರ ತುಂಬುವ ಜಾಗವಿಲ್ಲ. ಎತ್ತರ ಇರುವುದು ಗೋಡೆಗೆ. ಸುತ್ತಲಿನ ನಾಲ್ಕು ಗೋಡೆಗಳನ್ನೂ ಏರಿಸಿದೆ. ಆ ಕೋಣೆ ಸರಿಯಾಯಿತು, ಪಕ್ಕದ ಕೋಣೆಯ ಛಾವಣಿ ಓರೆಯಾಯಿತು. ಹಿಂದಿನ ಬೆಂಚಿನಲ್ಲಿ ಮಾರ್ಗದರ್ಶಕರು ಬರೆದುಕೊಳ್ಳುತ್ತಿದ್ದರು. ‘ಕಂಪ್ಯೂಟರ್ ತಪ್ಪು ಮಾಡಿದೆ, ಬಿಡಿ’ ಎಂದೆ.

ಒಬ್ಬ ಹುಡುಗಿ ಎದ್ದು ನಿಂತು, ‘ಮಿಸ್, ನಡುವಿನ ಗೋಡೆ ಯಾವ ಕೋಣೆಯದು?’ ಎಂದಳು. ಆಮೇಲೆ ನೋಡೋಣ ಎಂದು ಕೂರಿಸಿದೆ.

ಉತ್ತರ ಅವಳ ಪ್ರಶ್ನೆಯಲ್ಲೇ ಇತ್ತು. ಗೋಡೆ ಎರಡಕ್ಕೂ ಸೇರಿದ್ದು. ಒಂದಕ್ಕಾಗಿ ಏರಿಸಿದ್ದರಿಂದ ಇನ್ನೊಂದರ ಛಾವಣಿಯ ಅಂಚೂ ಏರಿತ್ತು. ಮರುದಿನ ಅವಳನ್ನೇ ಕರೆದೆ. ನಡುವಿನ ಗೋಡೆ ಅಳಿಸಿ, ಅದೇ ಜಾಗದಲ್ಲಿ ಒಂದಕ್ಕೊಂದು ತಾಗಿದಂತೆ ಎರಡು ತೆಳು ಗೋಡೆ ಬಿಡಿಸಿದೆವು. ಒಂದಕ್ಕೆ 3 ಮೀಟರ್, ಇನ್ನೊಂದಕ್ಕೆ 2.5. ಎರಡೂ ಛಾವಣಿ ಸಮವಾದವು.

ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕರು ಬರೆದದ್ದು ಒಂದೇ ಸಾಲು: ‘ಉಪಕರಣ ಚೆನ್ನಾಗಿದೆ, ಆ ಹುಡುಗಿಯನ್ನು ಕೂರಿಸಿದ್ದೇಕೆ?’ ಈಗ ನನ್ನ ಪಾಠಯೋಜನೆಯಲ್ಲಿ ಓರೆ ಛಾವಣಿಯನ್ನು ಬೇಕೆಂದೇ ಉಳಿಸಿಕೊಂಡಿದ್ದೇನೆ, ಯಾರಾದರೂ ಎದ್ದು ಕೇಳಲಿ ಎಂದು.