ಲಾರಿ ಏರಿದ ರೈಲು

ಪುಣೆಗೆ ಬಂದ ನೆಂಟರನ್ನು ನೀವು ಎಲ್ಲಿಗೆ ಕರೆದೊಯ್ಯುತ್ತೀರಿ? ಶನಿವಾರವಾಡಾ, ಪರ್ವತಿ ಗುಡ್ಡ, ಕೇಳಕರ ಮ್ಯೂಸಿಯಂ, ಕೊನೆಗೆ ಹೆಂಗಸರಿಗಾಗಿ ತುಳಶಿಬಾಗಿನಲ್ಲಿ ಎರಡು ತಾಸು. ಅಲ್ಲಿಗೆ ಪುಣೆ ಮುಗಿಯಿತು. ಮುಂದಿನ ಸಲ ನೆಂಟರ ಜೊತೆ ಮಕ್ಕಳಿದ್ದರೆ ಕೋಥರೂಡಿಗೂ ಒಮ್ಮೆ ಹೋಗಿ ಬನ್ನಿ. ಕರ್ವೆ ರಸ್ತೆಯಿಂದ ಸ್ವಲ್ಪ ಒಳಗೆ, ಜಿ. ಎ. ಕುಲಕರ್ಣಿ ಪಥದಲ್ಲಿ, ಜೋಶಿಯವರ ಪುಟಾಣಿ ರೈಲುಗಳ ಮ್ಯೂಸಿಯಂ ಇದೆ.

ರಸ್ತೆಯ ಹೆಸರು ನೋಡಿಯೇ ನನಗೆ ಅರ್ಧ ಖುಷಿಯಾಗಿತ್ತು. ಮರಾಠಿಯ ದೊಡ್ಡ ಕಥೆಗಾರರಾದ ಜಿ. ಎ. ಹುಟ್ಟಿದ್ದು ಬೆಳಗಾವಿಯಲ್ಲಿ, ವರ್ಷಾನುಗಟ್ಟಲೆ ಇಂಗ್ಲಿಷ್ ಪಾಠ ಹೇಳಿದ್ದು ನಮ್ಮ ಧಾರವಾಡದಲ್ಲಿ. ನಾನೂ ಅಲ್ಲಿ ಇಂಗ್ಲಿಷ್ ಬಿ.ಎ. ಮಾಡಿದವಳು. ನಾನು ಕಾಲೇಜಿಗೆ ಸೇರುವ ಹೊತ್ತಿಗೆ ಅವರು ಪುಣೆ ಸೇರಿ, 1987ರಲ್ಲಿ ತೀರಿಯೂ ಹೋದರು.

ಈ ಮ್ಯೂಸಿಯಂ ಕಟ್ಟಿದವರು ಭಾವುಸಾಹೇಬ ಜೋಶಿ. ಅದು ಜನರಿಗೆ ತೆರೆದದ್ದು 1998ರ ಏಪ್ರಿಲ್ 1ರಂದು. ದೊಡ್ಡ ಮೇಜಿನ ಮೇಲೆ ಒಂದು ಊರನ್ನೇ ಹರಡಿದ್ದಾರೆ: ಹಳಿ, ಸಿಗ್ನಲ್, ಸೇತುವೆ, ದೀಪದ ಕಂಬ. ನಡುವೆ ಕೋಣೆಯ ದೀಪ ಆರಿಸುತ್ತಾರೆ. ಊರಿಗೆ ರಾತ್ರಿಯಾಗುತ್ತದೆ, ಕಿಟಕಿಗಳಲ್ಲಿ ಬೆಳಕು ಹತ್ತುತ್ತದೆ, ರೈಲು ಓಡುತ್ತಲೇ ಇರುತ್ತದೆ. ಐವತ್ತು ದಾಟಿದ ನಾನೂ ಬಾಯಿ ತೆರೆದುಕೊಂಡು ನೋಡಿದೆ.

ನಾವು ಹೋದದ್ದು ಅಪ್ಪನಿಗಾಗಿ. ಅವರು ಮೀರಜ–ಪಂಢರಪುರ ನ್ಯಾರೋ ಗೇಜಿನಲ್ಲಿ ಫೈರ್‌ಮನ್ ಆಗಿದ್ದವರು. ಅವ್ವ ಹೋದ ಮೇಲೆ ನಮ್ಮಲ್ಲಿಗೆ ಕರೆತಂದೆವು. ಊಟಕ್ಕೆ "ಸಾಕು", ಚಹಾಕ್ಕೆ "ಬ್ಯಾಡ", ಇಷ್ಟೇ ಮಾತು. ರೈಲು ನೋಡಿದರಾದರೂ ಬಾಯಿ ಬಿಟ್ಟಾರು ಎಂದು ನನ್ನ ಆಸೆ. ಬಿಟ್ಟರು. "ಎಲ್ಲಾ ಗಾಡಿ ತಾವ ಓಡ್ಯಾಡ್ತಾವು. ಕಲ್ಲಿದ್ದಲಾ ಹಾಕಾಂವ ಎಲ್ಲಿದ್ದಾನ?" ಎಂದರು. ಅದಾದ ಮೇಲೆ ಮನೆ ಮುಟ್ಟುವವರೆಗೆ ಮೌನ.

ಮಗ ಮಾತ್ರ ಆ ಮಾತನ್ನು ಬಿಡಲಿಲ್ಲ. ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿರುವ ಹುಡುಗ. ಅಜ್ಜನ ಲೈನಿನ ಎಂಜಿನ್ ತಾನೇ ಮಾಡುತ್ತೇನೆ ಎಂದು ಕುಳಿತ. ಪುಸ್ತಕದ ಇಂಗ್ಲಿಷ್ ಓದಿ ಹೇಳುವ ಕೆಲಸ ನನಗೆ ಬಂತು.

ಬಾರ್ಸಿ ಲೈಟ್ ರೈಲ್ವೆಯ ಕಥೆ ನಿಮಗೂ ಹಿಡಿಸೀತು. ಎವರಾರ್ಡ್ ಕ್ಯಾಲ್‌ಥ್ರಾಪ್ ಎಂಬ ಇಂಗ್ಲಿಷ್ ಎಂಜಿನಿಯರ್ ಕಟ್ಟಿದ ಲೈನು. ಹಳಿಗಳ ನಡುವೆ ಎರಡೂವರೆ ಅಡಿ ಅಂತರ. 1897ರಲ್ಲಿ ಕುರ್ಡುವಾಡಿಯಿಂದ (ಆಗ ಬಾರ್ಸಿ ರೋಡ್ ಎಂದೇ ಹೆಸರು) ಬಾರ್ಸಿಯವರೆಗೆ ಶುರುವಾಗಿ, ಆಮೇಲೆ ಪಂಢರಪುರ, ಲಾತೂರು, 1927ರಲ್ಲಿ ಮೀರಜ ಮುಟ್ಟಿತು. ನಮ್ಮ ಕಡೆಯ ಎಷ್ಟು ಮಂದಿ ವಿಠ್ಠಲನನ್ನು ಕಂಡದ್ದು ಈ ಪುಟ್ಟ ಗಾಡಿಯಲ್ಲಿ ಕುಳಿತು! ಕ್ಯಾಲ್‌ಥ್ರಾಪನ ಲೆಕ್ಕ ಸರಳ: ಹಗುರ ಹಳಿ ಹಾಕಿದರೆ ಖರ್ಚು ಕಡಿಮೆ, ಆದರೆ ಯಾವ ಅಚ್ಚಿನ ಮೇಲೂ 5 ಟನ್ನಿಗಿಂತ ಹೆಚ್ಚು ಭಾರ ಬೀಳಬಾರದು. ಅದಕ್ಕೇ ಲೀಡ್ಸ್ ಪಟ್ಟಣದ ಕಿಟ್ಸನ್ ಕಂಪನಿ ಮಾಡಿಕೊಟ್ಟ ಮೊದಲ ಎಂಜಿನ್ನುಗಳಿಗೆ ಎಂಟು ದೊಡ್ಡ ಗಾಲಿ, ಹಿಂದೆ ನಾಲ್ಕು ಸಣ್ಣವು. ಒಟ್ಟು ಆರು ಅಚ್ಚು. (ಇದೇ ಮನುಷ್ಯ ಮುಂದೆ ಪ್ಯಾರಾಚೂಟ್ ಮಾಡಿದ. ಗೆಳೆಯ ರೋಲ್ಸ್, ಅಂದರೆ ರೋಲ್ಸ್-ರಾಯ್ಸಿನ ರೋಲ್ಸ್, 1910ರಲ್ಲಿ ವಿಮಾನ ಬಿದ್ದು ಸತ್ತನಲ್ಲ, ಅದೇ ಕೊರಗಿನಿಂದ. ಕುದುರೆಗಳ ಮೇಲೂ ಪುಸ್ತಕ ಬರೆದ. ಒಂದೇ ಜನ್ಮದಲ್ಲಿ ಎಷ್ಟು ಕೆಲಸ!)

ಅಡಿಗೆ ಅರ್ಧ ಇಂಚಿನ ಅಳತೆ ಎಂದು ಮಗ ನಿಶ್ಚಯಿಸಿದ. ಎರಡೂವರೆ ಅಡಿಯ ಹಳಿ ಒಂದೂಕಾಲು ಇಂಚಾಯಿತು. ಬಾಯ್ಲರಿಗೆ ಎರಡಿಂಚಿನ ಪಿ.ವಿ.ಸಿ. ಪೈಪು, ಉಳಿದದ್ದಕ್ಕೆ ಪ್ಲೈವುಡ್ಡು, ರಟ್ಟು, ಖಾಲಿ ರಿಫಿಲ್ಲು. ರಿವೆಟ್ಟುಗಳಿಗೆ ನನ್ನ ಗುಂಡುಪಿನ್ನಿನ ಡಬ್ಬಿಯೇ ಖಾಲಿ. ಆದರೆ ಎಂಜಿನ್ ಎಲ್ಲಿ ನಿಲ್ಲಬೇಕು? ಅಜ್ಜನ ಲೈನು ಈಗ ಪೂರ್ತಿ ಬ್ರಾಡ್ ಗೇಜ್. ಸಣ್ಣ ಎಂಜಿನ್ನಿಗೆ ರಸ್ತೆಯೇ ಗತಿ. ಹಾಗಾಗಿ ಒಂದು ಲಾರಿ, ಹಿಂದೆ ತಗ್ಗಾದ ಟ್ರೇಲರ್. ತಗ್ಗು ಯಾಕೆಂದರೆ ಹೊಗೆಕೊಳವೆ ಸೇತುವೆಗೂ ವಿದ್ಯುತ್ ತಂತಿಗೂ ತಾಗಬಾರದು. ಗಾಲಿಗಳು ಬಹಳ ಬೇಕು, ಅದೇ ಕ್ಯಾಲ್‌ಥ್ರಾಪನ ಲೆಕ್ಕ. ಆರು ಅಚ್ಚಿನ 30 ಟನ್ನಿನಷ್ಟು ಭಾರವನ್ನು ಡಾಂಬರಿನ ಮೇಲೆ ಹಂಚಬೇಕಲ್ಲ. ಒಂದು ಭಾನುವಾರ ಜುನಾ ಬಜಾರಿನಲ್ಲಿ ಮುರಿದ ಆಟಿಕೆ ಲಾರಿಗಳನ್ನು ಆರಿಸಿ, ಬರಿಯ ಟೈರುಗಳಿಗಾಗಿ ಕೊಂಡು ತಂದ. ಅಂಗಡಿಯವ ನಮ್ಮನ್ನು ವಿಚಿತ್ರವಾಗಿ ನೋಡಿದ. ಕಟ್ಟುವ ಸರಪಳಿಗೆ ನನ್ನ ಹಳೆಯ ಹಿತ್ತಾಳೆ ಸರ ಹೋಯಿತು.

ಮೂರು ತಿಂಗಳಾಯಿತು. ಎಂಜಿನ್ನನ್ನು ಟ್ರೇಲರಿಗೆ ಏರಿಸಿ ಅಜ್ಜನ ಮುಂದೆ ಇಟ್ಟ. ಅಪ್ಪ ಬಹಳ ಹೊತ್ತು ನೋಡಿದರು.

"ಹಳಿ ಮ್ಯಾಲೆ ಓಡೂ ಎಂಜಿನ್ನ ಹಿಂಗ ಒಯ್ತಾರೇನು? ಹೆಣಾ ಹೊತಗೊಂಡ ಹೋದಂಗ ಆತು."

ಹುಡುಗನ ಮುಖ ಸಣ್ಣದಾಯಿತು. "ಅಜ್ಜಾ, ಹಳೀನ ಇಲ್ಲಲ್ಲ. ಮತ್ತ ಅದು ಹ್ಯಾಂಗ ಹೋಗಬೇಕು?" ಎಂದ. ಅಪ್ಪ ಎದ್ದು ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ನನಗೆ ಇಬ್ಬರ ಮೇಲೂ ಸಿಟ್ಟು ಬಂತು. ಯಾರಿಗೆ ಏನು ಹೇಳುವುದು? ಮಗ ತಪ್ಪು ಮಾಡಿರಲಿಲ್ಲ. ಅಪ್ಪನ ಮಾತೂ ಸುಳ್ಳಲ್ಲ. ನಾವು ನಾಲ್ವರು ಅವ್ವನನ್ನು ಕಳಿಸಿ ಬಂದು ಆಗ ವರ್ಷವೂ ಆಗಿರಲಿಲ್ಲ.

ಎರಡು ದಿನ ಲಾರಿ ಹಾಗೇ ಮೇಜಿನ ಮೇಲಿತ್ತು. ಮೂರನೆಯ ದಿನ ನಾನು ಒಗ್ಗರಣೆ ಹಾಕುತ್ತಿದ್ದಾಗ ಹೊರಗಿನಿಂದ ಅಪ್ಪನ ದನಿ ಕೇಳಿತು.

"ಬಾಯ್ಲರಿನ್ಯಾಗಿನ ನೀರು ತಗದೀಯೇನು?"

"ಅದು ಪೈಪ್ ಅಜ್ಜಾ."

"ಖರೇ ಎಂಜಿನ್ ಆದ್ರ ಮೊದಲ ನೀರು ಖಾಲಿ ಮಾಡಬೇಕು. ಟಾಕೀ ನೀರೂನೂ. ಸಿಲಿಂಡರಿಗೆ ಎಣ್ಣಿ ಬಿಟ್ಟು ಸಾವಕಾಶ ಎಳೀಬೇಕು. ಮತ್ತ ಸರಪಳಿ ಬಾಯ್ಲರ್ ಮ್ಯಾಲೆ ಯಾಕ ಹಾಕೀದಿ? ಕೆಳಗ ಚೌಕಟ್ಟಿಗೆ ಬಿಗೀಬೇಕು, ಎರಡೂ ಕಡೆ ಕತ್ತರಿ ಹಾಂಗ. ಗಾಲೀಗೆ ಕಟಗಿ ಎಲ್ಲದ?"

ಒಗ್ಗರಣೆ ಸೀಯಿತು. ಒಂದು ವರ್ಷದಲ್ಲಿ ಅವರ ಬಾಯಿಂದ ಅಷ್ಟು ಮಾತು ನಾನು ಕೇಳಿರಲಿಲ್ಲ. ಮಗ ಸರಪಳಿ ಬಿಚ್ಚಿ ಮತ್ತೆ ಕಟ್ಟಿದ. ಅಪ್ಪ ಅಗರಬತ್ತಿ ಪೊಟ್ಟಣದ ರಟ್ಟು ಬೇಡವೆಂದು, ಕರಿಬೇವಿನ ಒಣ ಕಡ್ಡಿ ಕೊಯ್ದು ಎಂಟು ಗಾಲಿಗೂ ಬೆಣೆ ಮಾಡಿಕೊಟ್ಟರು. ಎಂಜಿನ್ ತಮ್ಮದಲ್ಲ, ಅದಕ್ಕಿಂತ ಹಳೆಯದು ಎಂದು ಆಕ್ಷೇಪವನ್ನೂ ಎತ್ತಿದರು. ಅವರು ನಡೆಸಿದ ಎಂಜಿನ್ನಿನ ಚಿತ್ರವನ್ನು ಈಗ ಇಬ್ಬರೂ ಕೂಡಿ ಬರೆಯುತ್ತಿದ್ದಾರೆ.

ನಮ್ಮ ಮನೆಗೆ ಬಂದರೆ ಲಾರಿಯನ್ನು ನೋಡಿ, ಟಿ.ವಿ. ಪಕ್ಕದಲ್ಲಿದೆ. ಆದರೆ ಮುಟ್ಟಬೇಡಿ. ಸರಪಳಿ ಸಡಿಲಾಗಿದೆಯೋ ಎಂದು ದಿನಾ ಬೆಳಿಗ್ಗೆ ಅಪ್ಪ ನೋಡುತ್ತಾರೆ, ಯಾರು ಮುಟ್ಟಿದರು ಎಂದು ನನ್ನನ್ನು ಕೇಳುತ್ತಾರೆ.